ಬೀರುವಿನ ಮೇಲೆ ಕುಳಿತ ಯಂತ್ರ

ಹನುಮಂತನಗರದಲ್ಲಿರುವ ನಮ್ಮ ಸೋದರಮಾವನವರ ಕೋಣೆಯಲ್ಲಿ, ಬೀರುವಿನ ಮೇಲೆ, ಹಳೆಯ ದಿಂಬಿನ ಕವರಿನೊಳಗೆ, ನಿದ್ದೆಯಲ್ಲಿ ಉಸಿರು ಕಟ್ಟದಂತೆ ಮಾಸ್ಕಿನ ಮೂಲಕ ಗಾಳಿ ಒತ್ತುವ ಸಿ-ಪ್ಯಾಪ್ ಯಂತ್ರವೊಂದು ಎಂಟು ತಿಂಗಳು ಸುಮ್ಮನೆ ಕುಳಿತಿತ್ತು. ಮಾವನವರ ಗೊರಕೆಗೆ ಅತ್ತೆ ಹೆದರುತ್ತಿರಲಿಲ್ಲ, ಅದು ತಟ್ಟನೆ ನಿಂತಾಗ ಹೆದರುತ್ತಿದ್ದರು.

ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಳ್ಳುತ್ತವೆ. ಕೆಲವರಲ್ಲಿ ನಾಲಿಗೆ ಹಿಂದಕ್ಕೆ ಜಾರಿ ಉಸಿರಿನ ದಾರಿಯೇ ಮುಚ್ಚಿಕೊಳ್ಳುತ್ತದೆ. 10 ಸೆಕೆಂಡೋ ಅದಕ್ಕಿಂತ ಹೆಚ್ಚೋ ಕಳೆದ ಮೇಲೆ ಮಿದುಳು ಬೆಚ್ಚಿ ಅರೆ ಎಚ್ಚರವಾಗುತ್ತದೆ, ಉಸಿರು ಮರಳುತ್ತದೆ. ಇದೇ ಸ್ಲೀಪ್ ಆಪ್ನಿಯಾ ಎಂಬ ಕಾಯಿಲೆ. ಉಸಿರು ಹೀಗೆ ಗಂಟೆಗೆ 30 ಬಾರಿ ತಡೆದರೆ ಅದು ತೀವ್ರವಾಗಿದೆ ಎಂದರ್ಥ. ಮಾವನವರು ಆ ಗೆರೆ ದಾಟಿದ್ದರು.

ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ 1981ರಲ್ಲಿ ಪ್ರಕಟಿಸಿದ ಉಪಾಯ ತೀರಾ ಸರಳ: ಮೂಗಿನ ಮೂಲಕ ಗಾಳಿ ಒತ್ತಿ ಆ ದಾರಿಯನ್ನು ತೆರೆದಿಡುವುದು. ಒತ್ತಡವೂ ಭಾರಿಯೇನಲ್ಲ. ಸ್ಟ್ರಾ ಒಂದನ್ನು ಲೋಟದ ನೀರಿನಲ್ಲಿ 10 ಸೆಂಟಿಮೀಟರ್ ಮುಳುಗಿಸಿ ಗುಳ್ಳೆ ಎಬ್ಬಿಸಲು ಎಷ್ಟು ಬೇಕೋ ಹೆಚ್ಚುಕಡಿಮೆ ಅಷ್ಟು. ಆದರೆ ಅದನ್ನು ರಾತ್ರಿಯಿಡೀ ಮುಖಕ್ಕೆ ಕಟ್ಟಿಕೊಂಡಿರಬೇಕು!

ಅಮೆರಿಕದ ಮೆಡಿಕೇರ್ ವಿಮೆಯ ಲೆಕ್ಕದಲ್ಲಿ, 30 ದಿನಗಳ ಪೈಕಿ ಶೇ. 70ರಷ್ಟು ರಾತ್ರಿ ಕನಿಷ್ಠ 4 ಗಂಟೆ ಬಳಸಿದವರು ಪಾಸು. ಅದು ವಿಮೆಯವರ ಗೆರೆ, ಗಂಟಲಿಗೆ ಗೊತ್ತಿಲ್ಲ. ಕನಸು ಹೆಚ್ಚಾಗಿ ಬೀಳುವ ರೆಮ್ ನಿದ್ದೆ ಬೆಳಗಿನ ಜಾವಕ್ಕೆ ದಟ್ಟವಾಗುತ್ತದೆ. ಸ್ನಾಯುಗಳು ಪೂರ್ತಿ ಕೈಚೆಲ್ಲುವುದೂ, ಅನೇಕರಲ್ಲಿ ಉಸಿರು ಹೆಚ್ಚು ಹೊತ್ತು ಕಟ್ಟುವುದೂ ಆಗಲೇ. ಮೂರು ಗಂಟೆಗೆ ಎದ್ದು ಮಾಸ್ಕ್ ಕಿತ್ತೆಸೆಯುವವರು ಕಾವಲುಗಾರನನ್ನು ಕಳ್ಳ ಬರುವ ಹೊತ್ತಿಗೇ ಮನೆಗೆ ಕಳುಹಿಸಿದಂತೆ.

"ಮನಸ್ಸು ಗಟ್ಟಿ ಮಾಡಿಕೊಳ್ಳಿ" ಎಂದು ಮಾವನವರಿಗೆ ಎಲ್ಲರೂ ಹೇಳಿದ್ದರು. ಯಂತ್ರ ಮಾರಿದವನಂತೂ ಹಣ ಎಣಿಸಿಕೊಂಡ ಮೇಲೆ ಇತ್ತ ತಲೆ ಹಾಕಲಿಲ್ಲ. ನಿಜವಾದ ತೊಡಕು ಇದ್ದದ್ದು ಮೀಸೆಯಲ್ಲಿ. ಮಾಸ್ಕಿನ ಅಂಚು ಮೀಸೆಯ ಮೇಲೆ ಕೂರದೆ ಗಾಳಿ ಸೋರಿ ಕಣ್ಣಿಗೆ ಬಡಿಯುತ್ತಿತ್ತು. ಅವರು ಪಟ್ಟಿಯನ್ನು ಇನ್ನಷ್ಟು ಬಿಗಿದರು, ಮೂಗಿನ ಮೇಲೆ ಗಾಯವಾಯಿತು. ಮೀಸೆ ಬೋಳಿಸುವ ಮಾತೆತ್ತಿದರೆ ಮನೆಯಲ್ಲಿ ಯುದ್ಧವೇ ಆಗುತ್ತಿತ್ತು. ಕೊನೆಗೆ ಮೂಗಿನ ಹೊಳ್ಳೆಗಳಿಗಷ್ಟೇ ಆನುವ ಚಿಕ್ಕ ಮಾಸ್ಕ್ ತಂದೆವು. ಮಲಗಿದಾಗ ಮುಖದ ಆಕಾರ ಬದಲಾಗುವುದರಿಂದ ಅವರನ್ನು ಮಲಗಿಸಿ, ಯಂತ್ರ ಓಡುತ್ತಿರುವಾಗಲೇ ಪಟ್ಟಿ ಹೊಂದಿಸಿದೆವು. ವೈದ್ಯರು ಹೇಳಿದಂತೆ ವಾರವಿಡೀ ಸಂಜೆ ಟಿವಿ ವಾರ್ತೆ ನೋಡುವಾಗ ಅರ್ಧ ಗಂಟೆ ಅದನ್ನು ಹಾಕಿಕೊಂಡರು. ಮೊಮ್ಮಗಳಿಗೆ ಅವರು ಪೈಲಟ್ ತಾತ.

ಡಿಸೆಂಬರಿನಲ್ಲಿ ಹೊಸ ರಗಳೆ. ಯಂತ್ರದ ಬೆಚ್ಚನೆಯ, ತೇವದ ಗಾಳಿ ಬೆಂಗಳೂರಿನ ಚಳಿಗೆ ಕೊಳವೆಯಲ್ಲೇ ನೀರಾಗಿ, ನಡುರಾತ್ರಿ ಗುಳುಗುಳು ಎಂದು ಮೂಗಿಗೆ ತೊಟ್ಟಿಕ್ಕಿತು. ಯಂತ್ರ ಮತ್ತೆ ಬೀರು ಹತ್ತುವ ಮೊದಲೇ ಅತ್ತೆ ಅದನ್ನು ಮಂಚಕ್ಕಿಂತ ತಗ್ಗಾದ ಸ್ಟೂಲಿನ ಮೇಲಿಟ್ಟು, ಕೊಳವೆಯನ್ನು ರಗ್ಗಿನೊಳಗೆ ಸೇರಿಸಿದರು. ಈಗ ಗಂಡನ ಪಕ್ಕದಲ್ಲಿ ಅದಕ್ಕೂ ದಿನಾ ಹೊದಿಸುತ್ತಾರೆ.