ಯಾವ ಪುಸ್ತಕ ಓದಲಿ ಎಂದು ಕೇಳುವವರಿಗೆ

“ಮಾತ್ರೆ ಆಮೇಲೆ ನೋಡೋಣ ಡಾಕ್ಟ್ರೇ, ಮೊದಲು ಓದೋಕೆ ಏನಾದ್ರೂ ಹೇಳಿ” ಎನ್ನುವವರು ನನ್ನಲ್ಲಿಗೆ ಆಗಾಗ ಬರುತ್ತಾರೆ. ಅವರ ಆಸೆಯನ್ನು ನಾನು ತಳ್ಳಿಹಾಕುವುದಿಲ್ಲ. ಖಿನ್ನತೆ, ಅತಿಯಾದ ಚಿಂತೆ, ಪ್ಯಾನಿಕ್ (ಎದೆ ಬಡಿದುಕೊಳ್ಳುತ್ತಾ ಇದ್ದಕ್ಕಿದ್ದಂತೆ ನುಗ್ಗುವ ತೀವ್ರ ಭಯ), ನಿದ್ರಾಹೀನತೆ ಇವು ತೀವ್ರವಾಗಿಲ್ಲದಿದ್ದರೆ ಒಳ್ಳೆಯ ಸ್ವಸಹಾಯ ಪುಸ್ತಕ ನಿಜಕ್ಕೂ ಗುಣ ಕೊಡುತ್ತದೆ. ಆದರೆ ಪುಸ್ತಕದ ಹೆಸರು ಹೇಳುವ ಮೊದಲು ನಾನೊಂದು ಪ್ರಶ್ನೆ ಕೇಳುತ್ತೇನೆ: “ಎಲ್ಲಿಗೆ ಬಂತು?” ಎಂದು ವಾರಕ್ಕೊಮ್ಮೆ ನಿಮ್ಮನ್ನು ವಿಚಾರಿಸುವವರು ಯಾರಿದ್ದಾರೆ?

ಹಾಗೆ ಕೇಳಲು ಕಾರಣವಿದೆ. ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯ ರೀತಿಯನ್ನು ಬದಲಿಸಿಕೊಳ್ಳಲು ಕಲಿಸುವ ಚಿಕಿತ್ಸೆಯನ್ನು ಸಾಮಾನ್ಯ ಓದುಗರಿಗೆ ತಲುಪಿಸಿದ ಪುಸ್ತಕಗಳಲ್ಲಿ ಅಮೆರಿಕದ ಮನೋವೈದ್ಯ ಡೇವಿಡ್ ಬರ್ನ್ಸ್ ಬರೆದ ‘ಫೀಲಿಂಗ್ ಗುಡ್’ ಮುಖ್ಯವಾದದ್ದು. ಅದು 1980ರಲ್ಲಿ ಬಂತು. 1995ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಖಿನ್ನತೆಯಿದ್ದವರ ಕೈಗೆ ಇದೇ ಪುಸ್ತಕ ಕೊಟ್ಟು, ನಾಲ್ಕು ವಾರದಲ್ಲಿ ಓದಲು ಹೇಳಿದರು. ಪುಸ್ತಕ ಇನ್ನೂ ಸಿಗದೆ ಸರದಿಗೆ ಕಾಯುತ್ತಿದ್ದವರಿಗಿಂತ ಓದಿದವರಲ್ಲಿ ಖಿನ್ನತೆ ಚೆನ್ನಾಗಿಯೇ ಇಳಿಯಿತು. ಸಂಶೋಧಕರು ವಾರವಾರ ಅವರಿಗೆ ಫೋನ್ ಮಾಡಿ ವಿಚಾರಿಸುತ್ತಿದ್ದರು. ಅದು ಕೆಲವೇ ನಿಮಿಷಗಳ ಮಾತು, ಸಲಹೆ-ಸಮಾಲೋಚನೆ ಏನೂ ಅಲ್ಲ. ಒಬ್ಬರೇ ಓದಿಕೊಳ್ಳುವುದಕ್ಕಿಂತ ಯಾರಾದರೂ ಜೊತೆಗಿದ್ದು ವಿಚಾರಿಸುತ್ತಿದ್ದರೆ ಫಲ ಹೆಚ್ಚು ಎಂಬುದನ್ನು ಆಮೇಲಿನ ಅಧ್ಯಯನಗಳೂ ತೋರಿಸಿವೆ. ಗೆಳತಿಯಾಗಲಿ, ಅಣ್ಣನಾಗಲಿ, ಆಪ್ತಸಮಾಲೋಚಕರಾಗಲಿ, ಅಂಥ ಒಬ್ಬರನ್ನು ಮೊದಲು ಗೊತ್ತುಮಾಡಿಕೊಳ್ಳಿ.

ಪುಸ್ತಕ ಆರಿಸುವಾಗ ನಾನು ಮೊದಲು ನೋಡುವುದು ಅದರಲ್ಲಿ ಅಭ್ಯಾಸಗಳಿವೆಯೇ, ಬರೆಯಲು ಖಾಲಿ ಜಾಗವಿದೆಯೇ ಎಂದು. ಒಂದೇ ತೊಂದರೆಯನ್ನು ಹಿಡಿದು ಹೊರಟಿರಬೇಕು. ಈ ಪುಸ್ತಕ ಸಾಲದು, ವೈದ್ಯರನ್ನು ಕಾಣಿ ಎಂದು ಹೇಳುವ ಪ್ರಾಮಾಣಿಕತೆಯೂ ಇರಬೇಕು. ಸದಾ ಒಳ್ಳೆಯದನ್ನೇ ಯೋಚಿಸಿ, ಎಲ್ಲವೂ ಸರಿಹೋಗುತ್ತದೆ ಎನ್ನುವ ಪುಸ್ತಕಗಳನ್ನು ಖಿನ್ನತೆಯಲ್ಲಿರುವವರಿಗೆ ನಾನು ಕೊಡುವುದೇ ಇಲ್ಲ. ಮೊದಲೇ ತಮ್ಮನ್ನು ತಾವು ಹಳಿದುಕೊಳ್ಳುತ್ತಿರುವವರು ಅದನ್ನು ಓದಿ, “ಇಷ್ಟು ಸುಲಭದ್ದೂ ನನ್ನಿಂದ ಆಗಲಿಲ್ಲ” ಎಂದು ಇನ್ನಷ್ಟು ಕುಗ್ಗುತ್ತಾರೆ.

ಖಿನ್ನತೆಗೆ ನಾನು ಮೊದಲು ತೆರೆಸುವುದು ಚಟುವಟಿಕೆಯ ಅಧ್ಯಾಯವನ್ನು. ಮನಸ್ಸು ಸರಿಯಾಗಲಿ, ಆಮೇಲೆ ಏಳುತ್ತೇನೆ ಎಂದು ಕಾದರೆ ಮನಸ್ಸು ಸರಿಯಾಗುವುದಿಲ್ಲ. ಕೆಲಸ ಬಿಟ್ಟಷ್ಟೂ ಸಂತೋಷ ಸಿಗುವ ದಾರಿಗಳು ಮುಚ್ಚುತ್ತವೆ, ಅದರಿಂದ ಇನ್ನಷ್ಟು ಕೆಲಸ ಬಿಡುತ್ತೇವೆ. ಈ ಸುಳಿಯನ್ನು ಹೊರಗಿನಿಂದ ಒಡೆಯಬೇಕು. ಒಂದು ವಾರ ಯಾವ ಹೊತ್ತಿನಲ್ಲಿ ಏನು ಮಾಡಿದಿರಿ ಎಂದು ಬರೆದಿಡಿ. ಪ್ರತಿಯೊಂದರ ಪಕ್ಕದಲ್ಲಿ ಎಷ್ಟು ಹಿತವೆನಿಸಿತು, ಮಾಡಿ ಮುಗಿಸಿದ ತೃಪ್ತಿ ಎಷ್ಟು ಎಂದು 0ಯಿಂದ 10ರವರೆಗೆ ಅಂಕ ಕೊಡಿ. ಎಲ್ಲಕ್ಕೂ ಸೊನ್ನೆ ಎಂದು ಹೇಳಿ ಹೋದವರು ಹಾಳೆ ತಂದಾಗ ಅದರಲ್ಲಿ ಒಂದೆರಡು ಕಡೆ 3, 4 ಇದ್ದೇ ಇರುತ್ತದೆ. ಅಲ್ಲಿಂದಲೇ ಮುಂದಿನ ವಾರದ ಯೋಜನೆ ಶುರು. ಹತ್ತು ನಿಮಿಷದ ನಡಿಗೆ, ಒಬ್ಬರಿಗೆ ಫೋನ್, ಹೀಗೆ ಸಣ್ಣದು, ಗೊತ್ತಾದ ಹೊತ್ತಿಗೆ. ಮನಸ್ಸಿದ್ದರೂ ಇಲ್ಲದಿದ್ದರೂ ಮಾಡಬೇಕು.

ಇನ್ನೊಂದು ಮಾತು. ಖಿನ್ನತೆಯಲ್ಲಿ ಏಕಾಗ್ರತೆ ಕುಸಿಯುತ್ತದೆ. ಓದಿದ್ದು ತಲೆಗೆ ಹತ್ತದಿದ್ದರೆ ಅದು ಕಾಯಿಲೆಯ ಲಕ್ಷಣ, ನಿಮ್ಮ ಸೋಮಾರಿತನವಲ್ಲ. ದಿನಕ್ಕೆ ಎರಡು ಪುಟ ಸಾಕು. ಅದೂ ಆಗದಿದ್ದರೆ ಯಾರಾದರೂ ಓದಿ ಹೇಳಲಿ.

ಪ್ಯಾನಿಕ್‌ಗೆ ಸಣ್ಣ ಕೈಪಿಡಿಯೇ ಸಾಕಾಗುವುದುಂಟು. ಆ ಎದೆಬಡಿತ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ತುದಿಗೇರಿ ತಾನಾಗಿಯೇ ಇಳಿಯುತ್ತದೆ ಎಂಬ ತಿಳಿವಳಿಕೆಯೇ ಅರ್ಧ ಭಯ ಕಳೆಯುತ್ತದೆ. ಮೊದಲ ಸಲ ಆದಾಗ ಮಾತ್ರ ಹೃದಯದ ತಪಾಸಣೆ ಮಾಡಿಸಿಯೇ ಮುಂದುವರಿಯಿರಿ. ಬಹುಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಶಿಫಾರಸು ಮಾಡುವುದು ನಿದ್ರೆಗೆಂದೇ ರೂಪಿಸಿದ ಸಿಬಿಟಿಯನ್ನು. ಅದರಲ್ಲಿ ಹಾಸಿಗೆಯ ಮೇಲಿನ ಸಮಯವನ್ನು ಕಡಿತಗೊಳಿಸುವ ಭಾಗವೊಂದಿದೆ. ಅಪಸ್ಮಾರ ಅಥವಾ ಬೈಪೋಲಾರ್ (ವಿಪರೀತ ಉತ್ಸಾಹ ಮತ್ತು ಖಿನ್ನತೆ ಬಂದುಹೋಗುವ) ಕಾಯಿಲೆ ಇರುವವರು ಅದನ್ನು ಪುಸ್ತಕ ನೋಡಿಕೊಂಡು ಮಾಡಕೂಡದು.

ಓದೇ ಕಾಯಿಲೆಯನ್ನು ಬೆಳೆಸುವ ಒಂದು ಸಂದರ್ಭವಿದೆ, ಅದು ಗೀಳು ಕಾಯಿಲೆ. ಕೆಟ್ಟ ಯೋಚನೆ ನುಗ್ಗಿ ಬರುತ್ತದೆ. ಇದು ಗೀಳೋ, ನಾನೇ ಕೆಟ್ಟವನೋ ಎಂದು ಖಚಿತಪಡಿಸಿಕೊಳ್ಳಲು ಪುಟ ತಿರುವುತ್ತಾರೆ. ಓದಿದಾಗ ಸಮಾಧಾನ, ಸ್ವಲ್ಪ ಹೊತ್ತಿಗೆ ಮತ್ತೆ ಅನುಮಾನ, ಮತ್ತೆ ಅದೇ ಪುಟ. ಪದೇಪದೇ ಕೈ ತೊಳೆಯುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ತನಗೆ ದೊಡ್ಡ ರೋಗವಿದೆ ಎಂದು ಹೆದರಿ ಮೊಬೈಲಿನಲ್ಲಿ ಲಕ್ಷಣ ಹುಡುಕುತ್ತಾ ಕೂರುವವರದ್ದೂ ಇದೇ ಕಥೆ. ಅನುಮಾನ ಬಂದಾಗ ಪುಸ್ತಕ ತೆರೆಯಬೇಡಿ, ನಿಗದಿ ಮಾಡಿಕೊಂಡ ಹೊತ್ತಿನಲ್ಲಿ ಮಾತ್ರ ತೆರೆದು ಅಭ್ಯಾಸ ಮಾಡಿ ಎನ್ನುತ್ತೇನೆ. ಭಯವನ್ನು ಎದುರಿಸಿ, ಗೀಳಿನ ಕ್ರಿಯೆಯನ್ನು ತಡೆಹಿಡಿಯುವ ಈ ಚಿಕಿತ್ಸೆಯನ್ನು ತರಬೇತಾದ ಚಿಕಿತ್ಸಕರ ಜೊತೆ ಮಾಡುವುದೇ ಲೇಸು.

ಇಲ್ಲದ ದನಿಗಳು ಕೇಳಿಸುತ್ತಿದ್ದರೆ, ನಿದ್ದೆಯಿಲ್ಲದೆಯೂ ವಿಪರೀತ ಉತ್ಸಾಹವಿದ್ದರೆ, ಊಟವನ್ನೇ ಬಿಟ್ಟಿದ್ದರೆ ಪುಸ್ತಕದ ಮಾತು ಬೇಡ, ಮನೋವೈದ್ಯರ ಬಳಿ ಹೋಗಿ. ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರು ಪುಸ್ತಕವೊಂದು ಹೇಳಿತೆಂದು ಒಮ್ಮೆಲೇ ನಿಲ್ಲಿಸಬೇಡಿ.

ಓದು ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ಬಳಸಿ. ಅದು ಉಚಿತವಾಗಿ ಸಿಗುತ್ತದೆ. ಕಳೆದ ಎರಡು ವಾರಗಳ ಬಗ್ಗೆ 9 ಪ್ರಶ್ನೆ, ಒಂದೊಂದಕ್ಕೆ 0ಯಿಂದ 3, ಒಟ್ಟು 27. ಎರಡು ವಾರಕ್ಕೊಮ್ಮೆ ತುಂಬಿ, ದಿನಾಂಕ ಹಾಕಿಡಿ. ಮೊತ್ತ 10 ಅಥವಾ ಹೆಚ್ಚಿದ್ದರೆ ಒಮ್ಮೆ ವೈದ್ಯರಿಗೆ ತೋರಿಸಿ. ಥೈರಾಯ್ಡ್ ತೊಂದರೆಯೂ ಖಿನ್ನತೆಯ ರೂಪದಲ್ಲಿ ಬರಬಹುದು. ಒಂದೂವರೆ ತಿಂಗಳಾದರೂ ಅಂಕ ಇಳಿಯದಿದ್ದರೆ ಇನ್ನೊಂದು ಪುಸ್ತಕ ಕೊಳ್ಳಬೇಡಿ, ಚಿಕಿತ್ಸಕರನ್ನು ಕಾಣಿ. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಅದಕ್ಕೆ ನಿಮ್ಮ ಉತ್ತರ ಸೊನ್ನೆಯಲ್ಲದಿದ್ದರೆ ಒಟ್ಟು ಮೊತ್ತ ಎಷ್ಟೇ ಇರಲಿ, ಮನೆಯವರಲ್ಲಿ ಒಬ್ಬರಿಗೆ ಹೇಳಿ, ಅವರನ್ನು ಜೊತೆಗೆ ಕರೆದುಕೊಂಡು ಅದೇ ದಿನ ವೈದ್ಯರಲ್ಲಿಗೆ ಹೋಗಿ. ಆಸ್ಪತ್ರೆ ತಲುಪುವುದು ತಡವಾದರೆ ಮಾನಸಿಕ ಆರೋಗ್ಯದ ಸಹಾಯವಾಣಿಗೆ ಕರೆ ಮಾಡಿ.