ಎಂಬಿಬಿಎಸ್ ಓದುತ್ತಾ ರಣಜಿ ಆಡಬಹುದೇ?

ಪ್ರಶ್ನೆ: ಮಗ 19 ವರ್ಷದೊಳಗಿನವರ ಕ್ರಿಕೆಟ್ ಆಡಿದ್ದಾನೆ. ಈಗ ಬೆಂಗಳೂರಿನಲ್ಲೇ ಎಂಬಿಬಿಎಸ್ ಸೀಟು ಸಿಕ್ಕಿದೆ. ಎರಡನ್ನೂ ಒಟ್ಟಿಗೆ ಸಾಗಿಸಲು ಆಗುತ್ತದೆಯೇ?

ಉತ್ತರ: ಆಗುತ್ತದೆ. ಆದರೆ ಐದೂವರೆ ವರ್ಷಕ್ಕೆ ಸರಿಯಾಗಿ ಡಾಕ್ಟರಾಗಬೇಕು ಎಂಬ ಹಟವನ್ನು ಮನೆಯವರು ಬಿಡಬೇಕು. ಇಂಗ್ಲೆಂಡಿನ ಹಳೆಯ ಕ್ರಿಕೆಟ್ ದಿಗ್ಗಜ ಡಬ್ಲ್ಯೂ.ಜಿ. ಗ್ರೇಸ್ 1868ರಲ್ಲಿ ವೈದ್ಯಕೀಯ ಓದಿಗೆ ಸೇರಿ ಡಾಕ್ಟರಾದದ್ದು 1879ರಲ್ಲಿ. ನಮ್ಮ ಸ್ಪಿನ್ನರ್ ಎರಪಳ್ಳಿ ಪ್ರಸನ್ನ ಇಂಜಿನಿಯರಿಂಗ್ ಮುಗಿಸಲು 1962ರಿಂದ ಸುಮಾರು ಐದು ವರ್ಷ ಟೆಸ್ಟ್‌ನಿಂದ ದೂರವಿದ್ದರು. ಆಮೇಲೆ ಬಂದೂ ಒಟ್ಟು 189 ವಿಕೆಟ್ ಪಡೆದರು. ಈಗಿನ ನಿಯಮ ಅಷ್ಟು ಸಡಿಲವಿಲ್ಲ. ಸೇರಿದ ದಿನದಿಂದ 9 ವರ್ಷದೊಳಗೆ ಕೋರ್ಸ್ ಮುಗಿಯಬೇಕು, ಮೊದಲ ವರ್ಷದ ಪರೀಕ್ಷೆಗೆ ನಾಲ್ಕೇ ಅವಕಾಶ.

ನಿಜವಾದ ತೊಡಕು ಹಾಜರಿ. ಥಿಯರಿಗೆ ಶೇ 75, ಪ್ರಾಕ್ಟಿಕಲ್‌ಗೆ ಶೇ 80 ಬೇಕು. ವರ್ಷಕ್ಕೆ 240 ದಿನ ಕಾಲೇಜು ಎಂದು ಹಿಡಿದರೆ, ಪ್ರಾಕ್ಟಿಕಲ್ ಲೆಕ್ಕದಲ್ಲಿ ತಪ್ಪಿಸಬಹುದಾದದ್ದು 48 ದಿನ. ರಣಜಿ ಲೀಗ್‌ನ ಏಳು ಪಂದ್ಯಗಳಿಗೇ 28 ದಿನ. ಪ್ರಯಾಣ, ಅಭ್ಯಾಸಕ್ಕೆ ಪಂದ್ಯಕ್ಕೆ ಎರಡು ದಿನ ಸೇರಿಸಿದರೆ 42. ಭಾನುವಾರಗಳಿಂದ ಒಂದಿಷ್ಟು ಉಳಿದೀತು. ವಿಜಯ್ ಹಜಾರೆ, ಮುಷ್ತಾಕ್ ಅಲಿ ಟೂರ್ನಿಗಳು ಇನ್ನೂ ಲೆಕ್ಕಕ್ಕೇ ಬಂದಿಲ್ಲ!

ಇಷ್ಟಾದರೂ ಹೊಂದಿಸಬಹುದಿತ್ತು. ಆದರೆ ಹಾಜರಿಯನ್ನು ವಿಷಯವಾರು ನೋಡುತ್ತಾರೆ, ಪಂದ್ಯಗಳು ಒಂದೇ ಕಡೆ ಗುಂಪಾಗಿ ಬರುತ್ತವೆ. ನಾಲ್ಕು ವಾರದ ಒಂದು ಪೋಸ್ಟಿಂಗ್ (ಆಸ್ಪತ್ರೆಯ ಒಂದು ವಿಭಾಗದಲ್ಲಿ ತರಬೇತಿ) ನಡುವೆ ಎರಡು ಪಂದ್ಯ ಬಂದರೆ ಆ ವಿಭಾಗದ ಹಾಜರಿ ಅಲ್ಲೇ ಕೈಬಿಟ್ಟಿತು. ಹೆಚ್ಚಿನ ಹುಡುಗರು ಎಡವುವುದು ಇಲ್ಲೇ. ಹಾಗಾಗಿ ಪಂದ್ಯಗಳ ವೇಳಾಪಟ್ಟಿ ಹೊರಬಿದ್ದ ವಾರವೇ ವಿಭಾಗದ ಮುಖ್ಯಸ್ಥರನ್ನು ಕಂಡು, ಬೇರೆ ಬ್ಯಾಚ್ ಜೊತೆ ಪೋಸ್ಟಿಂಗ್ ಅದಲುಬದಲು ಮಾಡಿಕೊಡಲು ಲಿಖಿತವಾಗಿ ಕೇಳಬೇಕು. ಆಡಿ ಬಂದ ಮೇಲೆ ಪತ್ರ ಕೊಟ್ಟರೆ ಕಾಲೇಜಿಗೆ ಮಾಡಲು ಏನೂ ಉಳಿದಿರುವುದಿಲ್ಲ.

ದಿನನಿತ್ಯದ ಓಡಾಟಕ್ಕೆ ಮೆಟ್ರೊ ದೊಡ್ಡ ಅನುಕೂಲ. ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಬೆಳಗಿನ ನೆಟ್ಸ್ ಮುಗಿಸಿ ಕಬ್ಬನ್ ಪಾರ್ಕ್‌ನಲ್ಲಿ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿದರೆ ಎರಡನೇ ನಿಲ್ದಾಣವೇ ಕೆ.ಆರ್. ಮಾರುಕಟ್ಟೆ, ಬೆಂಗಳೂರು ಮೆಡಿಕಲ್ ಕಾಲೇಜಿನ ವಿಕ್ಟೋರಿಯಾ ಆಸ್ಪತ್ರೆ ಪಕ್ಕದಲ್ಲೇ. ಕಿಟ್ ಬ್ಯಾಗ್ ಮಾತ್ರ ಮೈದಾನದಲ್ಲೇ ಇಡಲು ವ್ಯವಸ್ಥೆ ಮಾಡಿಕೊಳ್ಳಲಿ, ಜನಜಂಗುಳಿಯಲ್ಲಿ ಅದನ್ನು ಹೊತ್ತು ಓಡಾಡುವುದು ಕಷ್ಟ.

ಮೊದಲ ವರ್ಷ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಮುಗಿಯುವವರೆಗೆ ಕ್ಲಬ್ ಕ್ರಿಕೆಟ್ ಸಾಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಎರಡನೇ ವರ್ಷದಿಂದ ದೊಡ್ಡ ಪಂದ್ಯಗಳಿಗೆ ಕೈಹಾಕಲಿ.

ಇನ್ನು ಇಂಟರ್ನ್‌ಶಿಪ್, ಅಂದರೆ ಕೊನೆಯ ಪರೀಕ್ಷೆಯ ನಂತರದ ಕಡ್ಡಾಯ ಆಸ್ಪತ್ರೆ ತರಬೇತಿ. ಇಡೀ ವರ್ಷಕ್ಕೆ 15 ದಿನ ಮಾತ್ರ ರಜೆ. ಅದಕ್ಕಿಂತ ಹೆಚ್ಚು ತಪ್ಪಿಸಿದರೆ ಅಷ್ಟು ದಿನ ಅವಧಿ ಮುಂದಕ್ಕೆ ಹೋಗುತ್ತದೆ. ಯಾವ ತಿಂಗಳಲ್ಲಿ ಶುರುಮಾಡಿದರೂ ನಡುವೆ ಒಂದು ರಣಜಿ ಋತು ಬಂದೇ ಬರುತ್ತದೆ. ಆಡಿ ಅವಧಿ ಹಿಗ್ಗಿಸಿಕೊಳ್ಳುತ್ತಾನೋ, ಆ ಋತುವನ್ನು ಬಿಡುತ್ತಾನೋ ಎಂಬುದನ್ನು ಫೈನಲ್ ಇಯರ್‌ನಲ್ಲೇ ತೀರ್ಮಾನಿಸಿ, ಕೋಚ್‌ಗೂ ಕಾಲೇಜಿಗೂ ಒಟ್ಟಿಗೇ ತಿಳಿಸಿಬಿಡಲಿ.