ಜೋಕರ್ ಒಬ್ಬನೇ, ನಟರು ಹಲವರು: ಹೋಲಿಕೆ ಬರೆಯುವವರಿಗೆ ಟಿಪ್ಪಣಿ

ಶಿವಮೊಗ್ಗದ ನಮ್ಮ ಅಭಿನಯ ತರಗತಿಯಲ್ಲಿ ಈ ಸಲ ಕೊಟ್ಟಿರುವ ಕೆಲಸ ಗೊತ್ತಲ್ವಾ? ಒಂದೇ ಪಾತ್ರವನ್ನು ಬೇರೆ ಬೇರೆ ನಟರು ಹೇಗೆ ಮಾಡಿದ್ದಾರೆ ಅಂತ ಹೋಲಿಸಿ ಬರೆಯಬೇಕು. ನಾನು ಬ್ಯಾಟ್‌ಮನ್ ಕಥೆಗಳ ಖಳನಾಯಕ ಜೋಕರ್‌ನನ್ನು ಆರಿಸಿಕೊಂಡೆ. ನಿಮ್ಮಲ್ಲೂ ಕೆಲವರು ಅವನನ್ನೇ ಆರಿಸಿದ್ದೀರಿ. ನೋಡಿದ್ದು ಮನಸ್ಸಿನಲ್ಲಿ ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಹಿನ್ನೆಲೆ

ಇದಕ್ಕೆ ಜಾಸ್ತಿ ಜಾಗ ಬೇಡ. ಜೋಕರ್ ಮೊದಲು ಕಾಣಿಸಿಕೊಂಡದ್ದು 1940ರಲ್ಲಿ, ಬ್ಯಾಟ್‌ಮನ್ ಕಾಮಿಕ್‌ನ ಮೊದಲ ಸಂಚಿಕೆಯಲ್ಲಿ. ಬಿಳಿ ಮುಖ, ಹಸಿರು ಕೂದಲು, ಕೆಂಪು ತುಟಿ. ಆ ಮುಖಕ್ಕೆ ಪ್ರೇರಣೆ 1928ರ ಮೂಕಿಚಿತ್ರ ‘ದಿ ಮ್ಯಾನ್ ಹೂ ಲಾಫ್ಸ್’ನಲ್ಲಿ ಕಾನ್ರಾಡ್ ಫೈಟ್ ಎಂಬ ನಟನ ಮುಖ. ಆ ಚಿತ್ರದ ನಾಯಕನ ಬಾಯಿಯನ್ನು ಚಿಕ್ಕಂದಿನಲ್ಲೇ ಕೊಯ್ದು ನಗುವಿನ ಆಕಾರ ಕೊಟ್ಟಿರುತ್ತಾರೆ. ಮುಖ ಸದಾ ನಗುತ್ತದೆ, ಮನುಷ್ಯ ನಗುತ್ತಿರುವುದಿಲ್ಲ. ಇದನ್ನು ಗುರುತು ಹಾಕಿಕೊಳ್ಳಿ. ಮುಂದಿನ ಎಲ್ಲ ಜೋಕರ್‌ಗಳನ್ನೂ ಇದೇ ಪ್ರಶ್ನೆ ಇಟ್ಟುಕೊಂಡು ನೋಡಬಹುದು: ಬಾಯಿ ನಗುವಾಗ ಒಳಗೆ ಏನು ನಡೆಯುತ್ತಿದೆ?

ಯಾವುದು ನಟನದು, ಯಾವುದು ಅಲ್ಲ

ನನಗೆ ಎಲ್ಲಕ್ಕಿಂತ ಕಷ್ಟವಾದ ಹಂತ ಇದು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಹೀತ್ ಲೆಡ್ಜರ್ 2008ರ ಬ್ಯಾಟ್‌ಮನ್ ಸಿನಿಮಾ ‘ದಿ ಡಾರ್ಕ್ ನೈಟ್’ನಲ್ಲಿ ಅದ್ಭುತ ಅನ್ನುತ್ತೇವೆ. ಏನು ಅದ್ಭುತ ಅಂತ ಕೇಳಿದರೆ ಮಾತು ಹೇಳುತ್ತೇವೆ. ಮಾತು ಬರೆದವರದು. ಕೆದರಿದ ಬಣ್ಣ ಹೇಳುತ್ತೇವೆ. ಅದರಲ್ಲಿ ಬಣ್ಣ ಹಚ್ಚುವವರ ಕೈಯೂ ಇದೆ. ಕ್ಯಾಮೆರಾ ಸುತ್ತುವುದು ನಿರ್ದೇಶಕರದು. ಇಷ್ಟನ್ನೂ ತೆಗೆದಿಟ್ಟ ಮೇಲೆ ಉಳಿದದ್ದು ಏನು?

ಮಳೆಗಾಲದಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ತಾಳಮದ್ದಲೆ ಕೇಳಿದವರಿಗೆ ಇದು ಬೇಗ ಹೊಳೆಯುತ್ತದೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಹಾಡುವ ಪದ್ಯ ಯಾರು ಕೂತರೂ ಅದೇ. ಆದರೆ ಒಬ್ಬರು ಹೇಳಿದ ಕರ್ಣನ ಅರ್ಥ ಒಂದು, ಇನ್ನೊಬ್ಬರದು ಇನ್ನೊಂದು. ಒಬ್ಬರ ಕರ್ಣ ಕೃಷ್ಣನ ಮುಂದೆ ಕರಗುತ್ತಾನೆ, ಇನ್ನೊಬ್ಬರ ಕರ್ಣ ಸೆಟೆದು ನಿಲ್ಲುತ್ತಾನೆ. ನಾವು ಹುಡುಕಬೇಕಾದದ್ದು ಆ ಅರ್ಥದ ಭಾಗವನ್ನು.

ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸುತ್ತೇನೆ. ಲೆಡ್ಜರ್‌ನ ಜೋಕರ್ ತನ್ನ ಬಾಯಿಯ ಗಾಯದ ಕಥೆಯನ್ನು ಎರಡು ಸಲ ಹೇಳುತ್ತಾನೆ. ಮೊದಲ ಸಲ ಗ್ಯಾಂಬಲ್ ಎಂಬ ರೌಡಿಗೆ, ಬಾಯೊಳಗೆ ಚಾಕು ಇಟ್ಟು: ಕುಡುಕ ಅಪ್ಪ ಕೊಯ್ದದ್ದು. ಎರಡನೇ ಸಲ ಪಾರ್ಟಿಯಲ್ಲಿ ಬ್ಯಾಟ್‌ಮನ್‌ನ ಬಾಲ್ಯದ ಗೆಳತಿ ರೇಚಲ್‌ಗೆ: ಹೆಂಡತಿಗೋಸ್ಕರ ತಾನೇ ಕೊಯ್ದುಕೊಂಡದ್ದು. ಒಂದಕ್ಕೊಂದು ತಾಳೆಯಾಗುವುದಿಲ್ಲ. ಮೂರನೇ ಸಲ ಕೊನೆಯಲ್ಲಿ ಶುರು ಮಾಡುತ್ತಾನೆ, ಬ್ಯಾಟ್‌ಮನ್ ಮುಗಿಸಲು ಬಿಡುವುದಿಲ್ಲ.

ಈ ಬುದ್ಧಿವಂತಿಕೆಯ ಲೆಕ್ಕ ಲೆಡ್ಜರ್‌ಗೆ ಸೇರುವುದಿಲ್ಲ. ಅದು ಬರವಣಿಗೆ. ಜೋಕರ್‌ಗೆ ತನ್ನ ಹಿಂದಿನ ಬದುಕು ಒಂದೊಂದು ಸಲ ಒಂದೊಂದು ಥರ ನೆನಪಾಗುತ್ತದೆ ಅನ್ನುವುದು 1988ರ ‘ದಿ ಕಿಲ್ಲಿಂಗ್ ಜೋಕ್’ ಕಾಮಿಕ್‌ನಲ್ಲೇ ಬಂದಿತ್ತು. ರೇಚಲ್ ದೃಶ್ಯದಲ್ಲಿ ಇಬ್ಬರ ಸುತ್ತ ಸುತ್ತುವ ಕ್ಯಾಮೆರಾವನ್ನೂ ಪಕ್ಕಕ್ಕಿಡಿ.

ಈಗ ನಟನನ್ನು ಮಾತ್ರ ನೋಡಿ. ರೇಚಲ್ ಹತ್ತಿರ ಬರುವಾಗ ಜಿಡ್ಡು ಕೂದಲನ್ನು ಕೈಯಿಂದ ಹಿಂದಕ್ಕೆ ಬಾಚಿಕೊಳ್ಳುತ್ತಾನೆ. ಹೆಣ್ಣು ನೋಡಲು ಬಂದ ಹುಡುಗನ ಹಾಗೆ. ಚಾಕು ಕೈಯಲ್ಲೇ ಇದೆ. ಆ ಒಂದು ಸನ್ನೆಯಿಂದ ಎರಡನೇ ಕಥೆಯ ಬಣ್ಣವೇ ಬದಲಾಗುತ್ತದೆ. ಮೊದಲನೆಯದು ಬರೀ ಬೆದರಿಕೆ. ಎರಡನೆಯದರಲ್ಲಿ ನನ್ನ ಕಡೆ ನೋಡು ಎಂಬ ಹಟ ಇದೆ. ಇನ್ನು ಆ ನಾಲಿಗೆ. ಗಾಯದ ಹಾಗೆ ಕಾಣಲು ಅಂಟಿಸಿದ ತುಣುಕುಗಳು ಮಾತಾಡುವಾಗ ಸಡಿಲವಾಗುತ್ತಿದ್ದವು, ಅದಕ್ಕೆ ತುಟಿ ಸವರಿಕೊಳ್ಳುತ್ತಿದ್ದರು. ಆ ತೊಂದರೆಯನ್ನೇ ಪಾತ್ರದ ಚಾಳಿ ಮಾಡಿಕೊಂಡರು. ಇದು ನಟನ ಲೆಕ್ಕಕ್ಕೆ ಸಲ್ಲಬೇಕಾದದ್ದು.

ಹಾಗಾಗಿ ಪ್ರತಿ ದೃಶ್ಯಕ್ಕೂ ಪುಟದಲ್ಲಿ ಗೆರೆ ಎಳೆದು ಮೂರು ಮನೆ ಮಾಡಿ: ಬರಹ, ಬಣ್ಣ ಮತ್ತು ಕ್ಯಾಮೆರಾ, ನಟ. ಮೂರನೆಯದು ಖಾಲಿ ಉಳಿದರೆ ಆ ದೃಶ್ಯ ಬಿಟ್ಟು ಬೇರೆ ತಗೊಳ್ಳಿ.

2019ರ ‘ಜೋಕರ್’ನಲ್ಲಿ ಮೂರನೇ ಮನೆ ತುಂಬಿ ತುಳುಕುವ ದೃಶ್ಯ ಒಂದಿದೆ. ಮುಂದೆ ಜೋಕರ್ ಆಗುವ ಆರ್ಥರ್ ರೈಲಿನಲ್ಲಿ ಕೊಲೆ ಮಾಡಿ ಓಡಿ ಬಂದು ಶೌಚಾಲಯ ಸೇರುತ್ತಾನೆ. ಬರೆದಿದ್ದ ಪ್ರಕಾರ ಅವನು ಅಲ್ಲಿ ಪಿಸ್ತೂಲು ಬಚ್ಚಿಡಬೇಕು, ಬಣ್ಣ ತೊಳೆಯಬೇಕು. ಚಿತ್ರೀಕರಣದ ದಿನ ನಿರ್ದೇಶಕ ಟಾಡ್ ಫಿಲಿಪ್ಸ್, ಹಿಲ್ದುರ್ ಗುದ್ನಾದೊತ್ತಿರ್ ಅವರ ಸಂಗೀತ ಕೇಳಿಸಿದರು. ಆರ್ಥರ್ ಪಾತ್ರದ ವಾಕೀನ್ ಫೀನಿಕ್ಸ್ ಮೆಲ್ಲಗೆ ಕುಣಿಯಲು ಶುರು ಮಾಡಿದರು. ಪಾದ ಮೊದಲು, ಆಮೇಲೆ ತೋಳು. ಮಾತು ಒಂದೂ ಇಲ್ಲ. ಹೆದರಿ ಓಡಿ ಬಂದವನು ಕುಣಿತ ಮುಗಿಯುವ ಹೊತ್ತಿಗೆ ಬೇರೆ ಮನುಷ್ಯ. ಈ ಪಾತ್ರಕ್ಕೆ ಅವರು ಸುಮಾರು 23 ಕಿಲೋ ತೂಕ ಇಳಿಸಿದ್ದರು ಅಂತ ಎಲ್ಲರೂ ಬರೆಯುತ್ತಾರೆ. ಇಳಿಸಿದ್ದಕ್ಕೆ ಅಂಕ ಕೊಡಬೇಡಿ. ಆ ಸೊರಗಿದ ಮೈಯನ್ನು ಈ ಕುಣಿತದಲ್ಲಿ ಹೇಗೆ ಬಳಸಿದರು ಅಂತ ಬರೆಯಿರಿ.

ನನ್ನ ಅಡ್ಡದಾರಿ: ನಗು ಮಾತ್ರ ಕೇಳುವುದು

ಸಮಯ ಕಮ್ಮಿ ಇದ್ದರೆ ಇಷ್ಟು ಮಾಡಿ. ಫೋನ್ ಮಗುಚಿಟ್ಟು ಇಯರ್‌ಫೋನ್ ಹಾಕಿಕೊಂಡು ನಗುವನ್ನು ಮಾತ್ರ ಕೇಳಿ. ಆಮೇಲೆ ಅದೇ ದೃಶ್ಯವನ್ನು ಸದ್ದಿಲ್ಲದೆ ನೋಡಿ. ನಗು ಯಾರಿಗೋಸ್ಕರ ಅಂತ ಕೇಳಿಕೊಳ್ಳಿ. ಉತ್ತರ ಪ್ರತಿ ನಟನಿಗೂ ಬೇರೆ.

ಸೀಸರ್ ರೊಮೆರೊ, 1966ರ ಟಿವಿ ಸರಣಿ: ನಗು ಎತ್ತರದ್ದು, ಇಡೀ ಮೈಯಿಂದ ಬರುವಂಥದ್ದು. ಮನೆಮಂದಿಯೆಲ್ಲ ಕೂತು ನೋಡಲಿ ಅಂತ ಇರುವ ನಗು. ಮೀಸೆ ಬೋಳಿಸಲು ಒಪ್ಪದೆ ಅದರ ಮೇಲೇ ಬಿಳಿ ಬಣ್ಣ ಹಚ್ಚಿಸಿಕೊಂಡರು, ಹತ್ತಿರದಿಂದ ನೋಡಿದರೆ ಕಾಣುತ್ತದೆ.

ಜಾಕ್ ನಿಕೋಲ್ಸನ್, 1989ರ ‘ಬ್ಯಾಟ್‌ಮನ್’ ಸಿನಿಮಾ: ಇಲ್ಲಿ ಮುಖ ನಗುವಿನಲ್ಲೇ ಗಟ್ಟಿಯಾಗಿದೆ. ಬಾಯಿ ಒಂದೇ ಥರ ಇರುವುದರಿಂದ ಹುಬ್ಬು ಮತ್ತು ದನಿಯಲ್ಲೇ ಎಲ್ಲ ಮಾಡುತ್ತಾರೆ. ತನ್ನ ತಮಾಷೆಗೆ ತಾನೇ ಖುಷಿಪಡುವವನ ನಗು. ಮ್ಯೂಸಿಯಂನಲ್ಲಿ ಚಿತ್ರಗಳನ್ನು ಹಾಳು ಮಾಡುತ್ತ ಕುಣಿಯುವ ದೃಶ್ಯ ಸಾಕು.

ಮಾರ್ಕ್ ಹ್ಯಾಮಿಲ್ 1992ರಿಂದ ಕಾರ್ಟೂನ್ ಸರಣಿಗೆ ದನಿ ಕೊಟ್ಟವರು. ಮುಖವೇ ಇಲ್ಲದ ಕಾರಣ ಅವರನ್ನು ಕೇಳಿ ಕಿವಿ ಪಳಗಿಸಿಕೊಳ್ಳಿ.

ಲೆಡ್ಜರ್ ಎದುರಿನವರನ್ನು ಕೆಣಕಲು ನಗುತ್ತಾರೆ. ಪೊಲೀಸ್ ಠಾಣೆಯಲ್ಲಿ ಬ್ಯಾಟ್‌ಮನ್ ಹೊಡೆದಷ್ಟೂ ನಗು ಜಾಸ್ತಿಯಾಗುತ್ತದೆ. ಹೊಡೆಯುವವನೇ ಸೋಲುತ್ತಿದ್ದಾನೆ ಅನ್ನಿಸುವುದು ಆ ನಗುವಿನಿಂದ.

ಫೀನಿಕ್ಸ್ ನಗು ಹತ್ತಿರದಿಂದ ನೋಡಬೇಕಾದದ್ದು, ಅದು ಒಂದಲ್ಲ. ಬಸ್ಸಿನಲ್ಲಿ ಬರುವುದು ಕಾಯಿಲೆಯ ನಗು. ತಡೆಯಲು ನೋಡುತ್ತಾನೆ, ಉಸಿರು ಕಟ್ಟುತ್ತದೆ, ಕಾಯಿಲೆಯ ವಿವರ ಇರುವ ಕಾರ್ಡನ್ನು ಎದುರಿನ ಹೆಂಗಸಿಗೆ ಕೊಡುತ್ತಾನೆ. ಕಣ್ಣಿನಲ್ಲಿ ನಗುವಿಲ್ಲ, ನೋವಿದೆ. ಕಾಮಿಡಿ ಕ್ಲಬ್‌ನಲ್ಲಿ ಪ್ರೇಕ್ಷಕರ ನಡುವೆ ಕೂತಾಗ ಬರುವುದು ಕಲಿತ ನಗು. ಎಲ್ಲರೂ ನಗುವಾಗ ಸುಮ್ಮನಿರುತ್ತಾನೆ, ಯಾರೂ ನಗದಾಗ ನಗುತ್ತಾನೆ. ಕೊನೆಯಲ್ಲಿ ಆಸ್ಪತ್ರೆಯ ವೈದ್ಯೆಯ ಮುಂದೆ ಬರುವುದು ನಿಜವಾದದ್ದು. ಅಲ್ಲಿ ಉಸಿರು ಕಟ್ಟುವುದಿಲ್ಲ. ಮೂರನ್ನೂ ಒಂದರ ಹಿಂದೆ ಒಂದು ಕೇಳಿ, ಗಂಟಲು ಎಲ್ಲಿ ಬಿಗಿಯಾಗುತ್ತದೆ, ಎಲ್ಲಿ ಬಿಡುತ್ತದೆ ಅಂತ ಗೊತ್ತಾಗುತ್ತದೆ.

ಯಾರು ದೊಡ್ಡವರು ಎಂಬ ಜಗಳ

ಲೆಡ್ಜರ್‌ಗೆ 2009ರಲ್ಲಿ, ತೀರಿಹೋದ ಮೇಲೆ, ಪೋಷಕ ನಟ ಆಸ್ಕರ್ ಬಂತು. ಫೀನಿಕ್ಸ್‌ಗೆ 2020ರಲ್ಲಿ ನಾಯಕ ನಟ ಆಸ್ಕರ್. ಪ್ರಶಸ್ತಿಯ ಹೆಸರಿನಲ್ಲೇ ವ್ಯತ್ಯಾಸ ಇದೆ. ಒಬ್ಬರ ಜೋಕರ್ ಬೇರೆಯವರ ಕಥೆಗೆ ನುಗ್ಗುತ್ತಾನೆ, ಎಲ್ಲಿಂದ ಬಂದ ಅಂತ ಗೊತ್ತಾಗಬಾರದು. ಇನ್ನೊಬ್ಬರದು ಅವನದೇ ಕಥೆ, ಎಲ್ಲಿಂದ ಬಂದ ಅನ್ನುವುದೇ ಇಡೀ ಸಿನಿಮಾ. ಲೆಡ್ಜರ್ ಮುಚ್ಚಿಡಬೇಕು, ಫೀನಿಕ್ಸ್ ತೆರೆದಿಡಬೇಕು. ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕದೆ, ಅವರವರ ಕೆಲಸಕ್ಕೆ ಆರಿಸಿಕೊಂಡ ಉಪಾಯ ಸರಿಹೊಂದಿತಾ ಅಂತ ನೋಡುವುದು ನ್ಯಾಯ. ನನ್ನ ಮಟ್ಟಿಗೆ ಲೆಡ್ಜರ್ ಹೆಚ್ಚು ಹೆದರಿಸುತ್ತಾರೆ, ಕಲಿಯಲು ಸಿಗುವುದು ಫೀನಿಕ್ಸ್ ಹತ್ತಿರ ಜಾಸ್ತಿ.

2016ರ ‘ಸುಯಿಸೈಡ್ ಸ್ಕ್ವಾಡ್’ನ ಜ್ಯಾರೆಡ್ ಲೆಟೊ ತೆರೆಯ ಮೇಲೆ ಇರುವುದೇ ಸ್ವಲ್ಪ ಹೊತ್ತು. ಹಚ್ಚೆ, ಲೋಹದ ಹಲ್ಲು ಎಲ್ಲ ಎರಡನೇ ಮನೆಗೆ ಹೋಗುತ್ತವೆ. 2022ರ ‘ದಿ ಬ್ಯಾಟ್‌ಮನ್’ನಲ್ಲಿ ಬ್ಯಾರಿ ಕಿಯೋಗನ್ ಕೊನೆಗೆ ಸ್ವಲ್ಪ ಹೊತ್ತು ಬರುತ್ತಾರೆ, ಮುಖವೂ ಸರಿಯಾಗಿ ಕಾಣುವುದಿಲ್ಲ. ಇವರಿಬ್ಬರಿಗೆ ಒಂದೊಂದು ಸಾಲು ಸಾಕು. ಉಳಿದ ಜಾಗ ನಗುವಿಗೆ ಕೊಡಿ.